ಬೌದ್ಧ ಶಿಲ್ಪವನ್ನು ನೋಡುವ ಬಗೆ

ದೂರದರ್ಶನದ ಪರದೆಯ ಮೇಲೆ ಒಂದು ಶಿಲ್ಪ ಹೆಚ್ಚೆಂದರೆ ಹತ್ತು ಸೆಕೆಂಡು ನಿಲ್ಲುತ್ತದೆ. ಮಾತನಾಡುವವರು ‘ಇದು ಅಮರಾವತಿ ಶೈಲಿ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಚಿತ್ರ ಬದಲಾಗಿರುತ್ತದೆ. ಅಮರಾವತಿ ಶೈಲಿ ಎಂದರೇನು, ಅದನ್ನು ಯಾವ ಗುರುತಿನಿಂದ ಹೇಳಿದರು, ಆ ಶಿಲ್ಪದಲ್ಲಿ ಖಾಲಿ ಪೀಠಕ್ಕೆ ಜನ ಕೈಮುಗಿಯುತ್ತಿದ್ದುದು ಏಕೆ ಎಂದು ನೀವು ಕೇಳಬೇಕೆಂದುಕೊಂಡರೂ ಕೇಳುವುದಕ್ಕೆ ಆಗುವುದಿಲ್ಲ. ಅಚ್ಚಾದ ಪುಟಕ್ಕೆ ಆ ಅವಸರವಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಅದಕ್ಕಾಗಿ ಸಾಂಚಿಗೋ ಸಾರನಾಥಕ್ಕೋ ಮೊದಲೇ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯ ಸನ್ನತಿಯ ಹತ್ತಿರ, ಕನಗನಹಳ್ಳಿ ಎಂಬ ಊರಿದೆ. ಅಲ್ಲಿಂದಲೇ ಪ್ರಾರಂಭಿಸಬಹುದು.

ಸನ್ನತಿ ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ನಿಮಗೆ ಗೊತ್ತಿರಬಹುದು. 1986ರಲ್ಲಿ ಆ ದೇವಸ್ಥಾನದ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ಅವಶೇಷಗಳನ್ನು ತೆಗೆಯುವಾಗ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಓದಿ ನೋಡಿದರೆ ಅವು ಅಶೋಕನ ಶಾಸನಗಳು! ಅದರ ನಂತರ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕನಗನಹಳ್ಳಿಯಲ್ಲಿ ಉತ್ಖನನ ನಡೆಸಿದಾಗ ಒಂದು ದೊಡ್ಡ ಸ್ತೂಪವೇ ಹೊರಬಂತು. ಶಾಸನಗಳಲ್ಲಿ ಅದರ ಹೆಸರು ‘ಅಧೋಲೋಕ ಮಹಾಚೈತ್ಯ’. ಸ್ತೂಪ ಕುಸಿದಿತ್ತು, ಆದರೆ ಅದರ ಮೈಗೆ ಹೊದಿಸಿದ್ದ ಶಿಲ್ಪದ ಚಪ್ಪಡಿಗಳು ಒಡೆದೋ ಬಿದ್ದೋ ಅಲ್ಲಿಯೇ ಉಳಿದಿದ್ದವು.

ಮೊದಲು ಕಲ್ಲನ್ನು ಗಮನಿಸಿ. ಶಿಲ್ಪದ ಶೈಲಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಖಭಾವ, ವಸ್ತ್ರದ ನೆರಿಗೆ ಎಂದು ಶುರುಮಾಡುತ್ತಾರೆ. ನನ್ನ ಮಟ್ಟಿಗೆ ಕಲ್ಲಿನಿಂದ ಶುರುಮಾಡುವುದೇ ಸರಿ. ಕನಗನಹಳ್ಳಿಯ ಕಲ್ಲು ನಿಮಗೆ ಅಪರಿಚಿತವಲ್ಲ. ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲಿನ ಜಾತಿಯೇ ಅದು, ಸುಣ್ಣದ ಕಲ್ಲು. ಅದು ಪದರ ಪದರವಾಗಿ ಏಳುತ್ತದೆ. ಅಗಲವಾದ, ಎತ್ತರವಾದ, ಆದರೆ ದಪ್ಪ ಕಡಿಮೆಯಿರುವ ಚಪ್ಪಡಿಗಳು ಸುಲಭವಾಗಿ ಸಿಗುತ್ತವೆ. ಇಂಥ ಚಪ್ಪಡಿಯಲ್ಲಿ ಬೇಲೂರಿನ ಮದನಿಕೆಯ ಹಾಗೆ ಎಲ್ಲ ಕಡೆಯಿಂದ ಬಿಡಿಸಿದ ಮೂರ್ತಿಯನ್ನು ಕಡೆಯಲಾಗದು. ಆಳ ಕಡಿಮೆಯಿರುವ ಉಬ್ಬುಶಿಲ್ಪವನ್ನೇ ಕೆತ್ತಬೇಕು. ಹಾಗೆಂದು ಅದು ಕೊರತೆಯಲ್ಲ. ಈ ಕಲ್ಲು ನಯವಾದದ್ದು, ಉಳಿಯ ಗೆರೆ ಎಷ್ಟು ಸಣ್ಣದಾದರೂ ಹಿಡಿದುಕೊಳ್ಳುತ್ತದೆ. ಕಾಲ್ಗಡಗದ ಸುತ್ತು, ರುಮಾಲಿನ ಮಡಿಕೆ, ಮರದ ಒಂದೊಂದು ಎಲೆ ಎಲ್ಲವೂ ಸ್ಪಷ್ಟ. ಸ್ತೂಪದ ದುಂಡನೆಯ ಗೋಡೆಗೆ ಇಂಥ ಚಪ್ಪಡಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಪ್ರದಕ್ಷಿಣೆ ಬರುವವನಿಗೆ ಕಥೆಯ ಪುಟಗಳನ್ನು ತಿರುವಿದಂತಾಗುತ್ತದೆ. ಕೃಷ್ಣಾ ನದಿಯ ಕೆಳದಂಡೆಯ ಅಮರಾವತಿ, ನಾಗಾರ್ಜುನಕೊಂಡಗಳಲ್ಲಿ ಕೂಡ ಸುಣ್ಣದ ಕಲ್ಲೇ. ಭೀಮಾ ನದಿ ಕೃಷ್ಣೆಯನ್ನು ಸೇರುವಂತೆ ಈ ಶಿಲ್ಪಗಳೂ ಒಂದೇ ಬಳಗಕ್ಕೆ ಸೇರುತ್ತವೆ.

ಇನ್ನು ಶಿಲ್ಪದಲ್ಲಿ ಏನಿದೆ ಎಂಬುದು. ಕನಗನಹಳ್ಳಿಯ ಶಿಲ್ಪಗಳ ವಿಶೇಷವೆಂದರೆ ಹಲವು ಚಪ್ಪಡಿಗಳ ಮೇಲೆ ಕೆತ್ತಿದವರೇ ವಿವರಣೆಯನ್ನು ಬರೆದಿದ್ದಾರೆ. ಇದು ಎಷ್ಟು ದೊಡ್ಡ ಅನುಕೂಲವೆಂದು ಒಂದು ಉದಾಹರಣೆಯಿಂದ ತಿಳಿಯುತ್ತದೆ. ಒಂದು ಚಪ್ಪಡಿಯಲ್ಲಿ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಕೊಡೆ ಚಾಮರಗಳನ್ನು ಹಿಡಿದ ಪರಿಚಾರಿಕೆಯರು. ಅಲ್ಲಿ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದಿದೆ. ರಾಜ ಅಶೋಕ! ಹೆಸರು ಬರೆದಿರುವ ಅಶೋಕನ ಚಿತ್ರ ಅದಕ್ಕೆ ಮೊದಲು ಎಲ್ಲಿಯೂ ದೊರೆತಿರಲಿಲ್ಲ. ಸಾಂಚಿಯ ತೋರಣಗಳಲ್ಲಿಯೂ ಅಶೋಕನಿದ್ದಾನೆಂದು ವಿದ್ವಾಂಸರು ಹೇಳುತ್ತಾರೆ, ಆದರೆ ಅದು ಕಥೆಯ ಸಂದರ್ಭವನ್ನು ನೋಡಿ ಮಾಡಿದ ಊಹೆ. ಇಲ್ಲಿ ಊಹೆಗೆ ಎಡೆಯಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ಹೆಸರು ದೊರೆತದ್ದೂ ಹೆಸರಿರುವ ಚಿತ್ರ ದೊರೆತದ್ದೂ ಒಂದೇ ಸೀಮೆಯಲ್ಲಿ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಪತ್ರಿಕೆಗಳಲ್ಲಿ ‘ಅಶೋಕನ ಭಾವಚಿತ್ರ’ ಎಂದು ಬರೆದದ್ದನ್ನು ನೀವು ಓದಿರಬಹುದು. ಭಾವಚಿತ್ರ ಎಂಬ ಮಾತು ಇಲ್ಲಿ ಸಲ್ಲದು. ಅಶೋಕ ಆಳಿದ್ದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ, ಈ ಶಿಲ್ಪ ಶಾತವಾಹನರ ಕಾಲದ್ದು. ಕೆತ್ತಿದವನು ಅಶೋಕನನ್ನು ಕಂಡವನಲ್ಲ. ಅವನು ಕೆತ್ತಿದ್ದು ‘ರಾಜ’ ಎಂಬ ಮಾದರಿಯನ್ನು. ಅದೇ ಸ್ತೂಪದ ಇನ್ನೊಂದು ಚಪ್ಪಡಿಯಲ್ಲಿ ಶಾತಕರ್ಣಿ ರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆ, ಮತ್ತೊಂದರಲ್ಲಿ ಪುಳುಮಾವಿ ರಾಜನು ಅಜಯತ ಎಂಬುವನಿಗೆ ಉಜ್ಜಯಿನಿಯನ್ನು ಕೊಡುತ್ತಿದ್ದಾನೆ. ಹೀಗೆಂದು ನಮಗೆ ತಿಳಿಯುವುದು ಬರಹದಿಂದಲೇ. ಬರಹವನ್ನು ಮುಚ್ಚಿಟ್ಟು ನೋಡಿದರೆ ಯಾರು ಅಶೋಕ, ಯಾರು ಶಾತಕರ್ಣಿ ಎಂದು ಹೇಳುವುದು ಕಷ್ಟ. ಪ್ರಾಚೀನ ಶಿಲ್ಪಿಗೆ ಮುಖದ ಹೋಲಿಕೆ ಮುಖ್ಯವಾಗಿರಲಿಲ್ಲ, ಕೊಡೆ, ಚಾಮರ, ರುಮಾಲು ಮುಖ್ಯವಾಗಿದ್ದವು. ಲಕ್ಷಣಗಳಿಂದ ವ್ಯಕ್ತಿಯನ್ನು ತಿಳಿಯುವ ಈ ಪದ್ಧತಿಯನ್ನೇ ಪ್ರತಿಮಾಶಾಸ್ತ್ರವೆನ್ನುತ್ತಾರೆ.

ಈಗ ಖಾಲಿ ಪೀಠದ ಪ್ರಶ್ನೆಗೆ ಬರೋಣ. ಕ್ರಿಸ್ತಪೂರ್ವದ ಬೌದ್ಧ ಶಿಲ್ಪಗಳಲ್ಲಿ ನೀವು ಎಷ್ಟು ಹುಡುಕಿದರೂ ಬುದ್ಧ ಸಿಗುವುದಿಲ್ಲ. ಭಾರ್ಹುತದಲ್ಲಿ ಇಲ್ಲ, ಸಾಂಚಿಯ ತೋರಣಗಳಲ್ಲಿ ಇಲ್ಲ. ಅವನ ಜಾಗದಲ್ಲಿ ಬೋಧಿವೃಕ್ಷ, ಧರ್ಮಚಕ್ರ, ಖಾಲಿ ಆಸನ, ಪಾದಗಳ ಗುರುತು, ಕೊಡೆ ಇವೆ. ಸಾಂಚಿಯ ಪೂರ್ವದ ತೋರಣದಲ್ಲಿ ಮಹಾಭಿನಿಷ್ಕ್ರಮಣದ ದೃಶ್ಯವಿದೆ, ಅವಕಾಶವಾದರೆ ತಪ್ಪದೆ ನೋಡಿ. ಸಿದ್ಧಾರ್ಥ ರಾತ್ರಿಯಲ್ಲಿ ಅರಮನೆ ಬಿಟ್ಟು ಹೋಗುವ ಕಥೆ. ಎಡಗಡೆ ಊರಬಾಗಿಲು, ಅಲ್ಲಿಂದ ಕುದುರೆ ಹೊರಡುತ್ತದೆ. ಅದೇ ಕುದುರೆಯನ್ನು ಶಿಲ್ಪಿ ಒಂದೇ ಅಡ್ಡಪಟ್ಟಿಯಲ್ಲಿ ಮತ್ತೆ ಮತ್ತೆ ಕೆತ್ತಿದ್ದಾನೆ. ಸದ್ದಾಗದಂತೆ ಗೊರಸುಗಳನ್ನು ಯಕ್ಷರು ಅಂಗೈಯಲ್ಲಿ ಹಿಡಿದಿದ್ದಾರೆ. ಬೆನ್ನ ಮೇಲೆ ಯಾರೂ ಇಲ್ಲ, ಆದರೆ ಆ ಖಾಲಿ ಬೆನ್ನಿನ ಮೇಲೆ ಒಬ್ಬ ಕೊಡೆ ಹಿಡಿದಿದ್ದಾನೆ. ಬಲಗಡೆಯ ಕೊನೆಯಲ್ಲಿ ಕೊಡೆ ಕುದುರೆಯನ್ನು ಬಿಟ್ಟು ಎರಡು ಪಾದದ ಗುರುತುಗಳ ಮೇಲೆ ಹೋಗಿ ನಿಂತಿದೆ, ಅವುಗಳ ಮುಂದೆ ಸಾರಥಿ ಛನ್ನ ಮೊಣಕಾಲೂರಿದ್ದಾನೆ. ಕೆಳಗೆ ಕುದುರೆ ಊರಿನ ಕಡೆಗೆ ಹಿಂದಿರುಗುತ್ತಿದೆ, ಈಗ ಅದರ ಮೇಲೆ ಕೊಡೆಯೂ ಇಲ್ಲ. ಸವಾರ ಇಳಿದದ್ದು ನಮಗೆ ತಿಳಿಯುವುದು ಆ ಕೊಡೆಯಿಂದ. ಬುದ್ಧನನ್ನು ತೋರಿಸದೆ ಬುದ್ಧನ ಕಥೆ ಹೇಳುವ ಈ ಜಾಣ್ಮೆಗೆ ನಾನಂತೂ ಪ್ರತಿಸಲವೂ ಬೆರಗಾಗುತ್ತೇನೆ.

ಏಕೆ ತೋರಿಸಲಿಲ್ಲ? ನಿರ್ವಾಣವನ್ನು ಪಡೆದವನಿಗೆ ಮತ್ತೆ ರೂಪ ಕೊಡಬಾರದು ಎಂಬ ಭಾವನೆ ಇದ್ದಿರಬೇಕೆಂದು ಬಹುಕಾಲ ಹೇಳುತ್ತ ಬಂದರು. ಫ್ರೆಂಚ್ ವಿದ್ವಾಂಸ ಫೂಷೆ ಅವರಿಂದ ಈ ಪ್ರತೀಕವಾದ ಪ್ರಸಿದ್ಧವಾಯಿತು. 1990ರಲ್ಲಿ ಅಮೆರಿಕದ ಸೂಸನ್ ಹಂಟಿಂಗ್‌ಟನ್ ಬೇರೆ ಮಾತು ಹೇಳಿದರು. ಈ ಶಿಲ್ಪಗಳಲ್ಲಿ ಹಲವು ಬುದ್ಧನ ಜೀವನದ ದೃಶ್ಯಗಳೇ ಅಲ್ಲ, ಅವನು ಗತಿಸಿದ ಮೇಲೆ ಜನ ಬೋಧಗಯೆಯಂಥ ಸ್ಥಳಗಳಿಗೆ ಯಾತ್ರೆ ಹೋಗಿ ಮರವನ್ನೋ ಆಸನವನ್ನೋ ಪೂಜಿಸುತ್ತಿರುವ ದೃಶ್ಯಗಳು ಎಂದು ಅವರ ವಾದ. ಖಾಲಿ ಆಸನವೆಂದರೆ ಖಾಲಿ ಆಸನವೇ! ಕೆಲವು ಶಿಲ್ಪಗಳಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಆದರೆ ಈಗತಾನೇ ನೋಡಿದ ಕುದುರೆಗೆ ಹೊಂದುವುದಿಲ್ಲ. ಸವಾರನಿಲ್ಲದ ಕುದುರೆಗೆ ಯಾರೂ ಕೊಡೆ ಹಿಡಿಯುವುದಿಲ್ಲವಲ್ಲ. ಎರಡೂ ಬಗೆಯ ದೃಶ್ಯಗಳಿವೆ ಎಂದು ತಿಳಿದು ಒಂದೊಂದನ್ನೂ ಬೇರೆಯಾಗಿಯೇ ನೋಡುವುದು ಉತ್ತಮ.

ಕನಗನಹಳ್ಳಿ ಈ ಚರ್ಚೆಗೆ ಬಹಳ ಉಪಯುಕ್ತವಾದ ಸ್ಥಳ. ಸ್ತೂಪದ ಮೈಮೇಲಿನ ಚಪ್ಪಡಿಗಳಲ್ಲಿ ಬೋಧಿವೃಕ್ಷ, ಚಕ್ರ, ಪಾದಗಳು ಇವೆ. ಅದೇ ಸ್ತೂಪದ ಪ್ರದಕ್ಷಿಣಾಪಥದಲ್ಲಿ ಅನಂತರದ ಕಾಲದ ಬುದ್ಧ ಪ್ರತಿಮೆಗಳೂ ದೊರೆತಿವೆ. ಅವುಗಳ ಪೀಠಗಳ ಮೇಲೆ ಶಾಕ್ಯಮುನಿಗಿಂತ ಹಿಂದೆ ಆಗಿಹೋದರೆಂದು ನಂಬುವ ಬುದ್ಧರ ಹೆಸರುಗಳೂ ಇವೆ. ಅಂದರೆ ಹಿಂದಿನ ತಲೆಮಾರಿನವರು ಪಾದಕ್ಕೆ ಕೈಮುಗಿದ ಸ್ಥಳದಲ್ಲಿಯೇ ಮುಂದಿನ ತಲೆಮಾರಿನವರು ಮೂರ್ತಿಗೆ ಕೈಮುಗಿದರು. ಹಳೆಯದನ್ನು ಕಿತ್ತುಹಾಕಲಿಲ್ಲ.

ಮೂರ್ತಿ ಮೊದಲು ಹುಟ್ಟಿದ್ದು ಎಲ್ಲಿ ಎಂಬುದು ಇನ್ನೊಂದು ಹಳೆಯ ಜಗಳ. ಗಂಧಾರದಲ್ಲಿ, ಗ್ರೀಕ್ ಪ್ರಭಾವದಿಂದ ಎಂದರು ಫೂಷೆ. ಇಲ್ಲ, ನಮ್ಮ ಯಕ್ಷಮೂರ್ತಿಗಳ ಪರಂಪರೆಯಿಂದ ಮಥುರೆಯಲ್ಲಿ ಎಂದು 1927ರಲ್ಲಿ ಆನಂದ ಕುಮಾರಸ್ವಾಮಿ ಬರೆದರು. ಯಾರು ಮೊದಲು ಎನ್ನುವುದಕ್ಕಿಂತ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ನಮಗೆ ಹೆಚ್ಚು ಪ್ರಯೋಜನಕಾರಿ. ಗಂಧಾರದ ಕಲ್ಲು ಕಪ್ಪು ಛಾಯೆಯ ಬೂದುಬಣ್ಣದ ಪದರುಗಲ್ಲು. ಅಲ್ಲಿಯ ಬುದ್ಧನಿಗೆ ಅಲೆಯಲೆಯಾದ ಕೂದಲು, ಕೆಲವೊಮ್ಮೆ ಮೀಸೆ, ಎರಡೂ ಭುಜಗಳನ್ನು ಮುಚ್ಚುವ ದಪ್ಪ ಹೊದಿಕೆ, ಅದರಲ್ಲಿ ಆಳವಾದ ನೆರಿಗೆಗಳು. ಚಳಿಯ ದೇಶದ ಸನ್ಯಾಸಿ. ಮಥುರೆಯದು ಬಿಳಿ ಚುಕ್ಕೆಗಳಿರುವ ಕೆಂಪು ಮರಳುಗಲ್ಲು. ಅಲ್ಲಿಯ ಆರಂಭದ ಮೂರ್ತಿಗಳಿಗೆ ವಿಶಾಲ ಎದೆ, ಅರಳಿದ ಕಣ್ಣು, ಮೈಗೆ ಅಂಟಿದ ತೆಳು ಬಟ್ಟೆ, ಬರಿಯ ಬಲಭುಜ, ನೆತ್ತಿಯ ಮೇಲೆ ಶಂಖದ ಹುಳುವಿನ ಚಿಪ್ಪಿನಂತೆ ಸುತ್ತಿದ ಜಟೆ. ಧ್ಯಾನಿ ಎನ್ನುವುದಕ್ಕಿಂತ ಜಟ್ಟಿ ಎನ್ನಿಸುವ ನಿಲುವು. ಕನಿಷ್ಕನ ಮೂರನೆಯ ವರ್ಷದಲ್ಲಿ ಭಿಕ್ಷು ಬಲನು ಮಥುರೆಯ ಕಲ್ಲಿನ ಇಂಥದೊಂದು ದೊಡ್ಡ ಮೂರ್ತಿಯನ್ನು ಸಾರನಾಥದಲ್ಲಿ ನಿಲ್ಲಿಸಿದ. ಅದಕ್ಕೆ ಕಲ್ಲಿನ ಕೊಡೆಯನ್ನೂ ಮಾಡಿಸಿದ್ದ. ಮೈಮೇಲೆ ಆಭರಣವಿಲ್ಲ, ನೋಡಿದರೆ ಬುದ್ಧನೇ. ಆದರೆ ಶಾಸನದಲ್ಲಿ ‘ಬೋಧಿಸತ್ವ’ ಎಂದಿದೆ. ಆಭರಣವಿದ್ದರೆ ಬೋಧಿಸತ್ವ, ಇಲ್ಲದಿದ್ದರೆ ಬುದ್ಧ ಎಂದು ಪುಸ್ತಕಗಳಲ್ಲಿ ನಾವು ಕಲಿಯುವ ಸೂತ್ರ ಆರಂಭದಲ್ಲಿಯೇ ಹೀಗೆ ಎಡವುತ್ತದೆ. ಬಹಳ ಕಾಲದ ಮೇಲೆ, ಪಾಲರ ಬಿಹಾರ ಬಂಗಾಳಗಳಲ್ಲಿ, ಕಿರೀಟ ಧರಿಸಿದ ಬುದ್ಧರೇ ಬಂದು ಅದನ್ನು ಇನ್ನೊಮ್ಮೆ ಎಡವಿಸುತ್ತಾರೆ. ಆದರೂ ಹತ್ತರಲ್ಲಿ ಎಂಟು ಕಡೆ ಸೂತ್ರ ನಡೆಯುತ್ತದೆ, ಬಿಡಬೇಕಾಗಿಲ್ಲ.

ಅಮರಾವತಿ, ನಾಗಾರ್ಜುನಕೊಂಡಗಳ ಬುದ್ಧ ನಿಂತಿದ್ದರೆ ಕೆಳಗಡೆ ನೋಡಿ. ಬಲಭುಜ ಬರಿದು. ಎಡಗೈ ವಸ್ತ್ರದ ಅಂಚನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದೆ. ಪಾದಗಳ ಬಳಿ ವಸ್ತ್ರದ ಅಂಚು ದಪ್ಪ ಸುರುಳಿಯಾಗಿ ತೂಗಿ ತಿರುಗುತ್ತದೆ. ಆ ದಪ್ಪ ಅಂಚು ಕಂಡರೆ ಕೃಷ್ಣಾ ಕಣಿವೆಯನ್ನು ನೆನೆಯಿರಿ. ಇದೇ ಮಾದರಿ ಸಮುದ್ರ ದಾಟಿ ಸಿಂಹಳಕ್ಕೂ ಆಗ್ನೇಯ ಏಷ್ಯಕ್ಕೂ ಹೋಯಿತು. ಕ್ರಿ.ಶ. ಐದನೆಯ ಶತಮಾನಕ್ಕೆ ಬಂದರೆ ಸಾರನಾಥದ ಬುದ್ಧ, ಚುನಾರ್ ಮರಳುಗಲ್ಲಿನಲ್ಲಿ. ಅಲ್ಲಿ ನೆರಿಗೆಗಳೇ ಇಲ್ಲ. ಕೊರಳಿನಲ್ಲಿ ಒಂದು ಗೆರೆ, ಮುಂಗೈಯ ಹತ್ತಿರ ಒಂದು ಅಂಚು, ಅಷ್ಟರಿಂದಲೇ ಬಟ್ಟೆಯಿದೆ ಎಂದು ತಿಳಿಯಬೇಕು. ಕಣ್ಣುಗಳು ಅರ್ಧ ಮುಚ್ಚಿ ಕೆಳಗೆ ನೋಡುತ್ತವೆ. ಧರ್ಮಚಕ್ರ ಮುದ್ರೆಯ ಆ ಪ್ರಸಿದ್ಧ ಮೂರ್ತಿಯ ಪೀಠದಲ್ಲಿ ಒಂದು ಚಕ್ರವೂ ಜಿಂಕೆಗಳೂ ಇವೆ. ಜಿಂಕೆಗಳೆಂದರೆ ಮೃಗದಾವ, ಚಕ್ರವೆಂದರೆ ಮೊದಲ ಉಪದೇಶ. ಬುದ್ಧನಿಗೆ ರೂಪ ಬಂದ ಮೇಲೂ ಹಳೆಯ ಪ್ರತೀಕಗಳು ಪೀಠದಲ್ಲಿ ಉಳಿದುಕೊಂಡವು ಎಂಬುದನ್ನು ಗಮನಿಸಿ.

ಮುದ್ರೆಗಳ ಹೆಸರು ನಿಮಗೆ ಗೊತ್ತೇ ಇರುತ್ತವೆ, ಭರತನಾಟ್ಯದ ಕಾರಣದಿಂದ ನಮ್ಮ ಮನೆಗಳಲ್ಲಿ ಈ ಮಾತು ಬಳಕೆಯಲ್ಲಿದೆ. ಅಭಯ, ಧ್ಯಾನ, ವರದ ಇವಕ್ಕೆ ವಿವರಣೆ ಬೇಡ. ಭೂಮಿಸ್ಪರ್ಶವನ್ನು ಮಾತ್ರ ಹೇಳಬೇಕು. ಬಲಗೈ ಮೊಣಕಾಲಿನ ಮೇಲಿಂದ ಇಳಿದು ಬೆರಳು ನೆಲವನ್ನು ಮುಟ್ಟುತ್ತದೆ. ‘ಈ ಆಸನಕ್ಕೆ ನಿನಗೇನು ಹಕ್ಕು’ ಎಂದು ಮಾರನು ಕೇಳಿದಾಗ ಭೂಮಿಯನ್ನೇ ಸಾಕ್ಷಿಗೆ ಕರೆದ ಕ್ಷಣ ಅದು. ತಲೆಯ ಮೇಲಿನ ಉಬ್ಬು ಉಷ್ಣೀಷ, ಹುಬ್ಬುಗಳ ನಡುವಿನ ಚುಕ್ಕೆ ಊರ್ಣ, ಇವು ಮಹಾಪುರುಷನ ಮೂವತ್ತೆರಡು ಲಕ್ಷಣಗಳಲ್ಲಿ ಸೇರಿದವು. ಜೋತುಬಿದ್ದ ಕಿವಿಗಳು ರಾಜಕುಮಾರನಾಗಿದ್ದಾಗ ಧರಿಸಿದ್ದ ಭಾರವಾದ ಕುಂಡಲಗಳ ನೆನಪು. ಗುಂಗುರು ಕೂದಲಿಗೂ ಕಥೆಯಿದೆ. ಸಿದ್ಧಾರ್ಥ ಕತ್ತಿಯಿಂದ ಜುಟ್ಟನ್ನು ಕತ್ತರಿಸಿದಾಗ ಉಳಿದ ಎರಡಂಗುಲ ಕೂದಲು ಬಲಕ್ಕೆ ಸುರುಳಿಗಟ್ಟಿ ಜೀವನವಿಡೀ ಹಾಗೆಯೇ ಉಳಿಯಿತಂತೆ. ಬೆರಳುಗಳ ನಡುವೆ ಬಾತುಕೋಳಿಯ ಪಾದದಂತೆ ಜಾಲವಿರಬೇಕೆಂಬುದು ಇನ್ನೊಂದು ಲಕ್ಷಣ. ಅದು ಕಲ್ಲಿನ ಬೆರಳುಗಳು ಮುರಿಯದಂತೆ ಶಿಲ್ಪಿ ಮಾಡಿದ ಉಪಾಯವೂ ಹೌದೆಂದು ಕೆಲವರು ಹೇಳುತ್ತಾರೆ. ಉಳಿ ಹಿಡಿದವರಿಗೆ ಅದು ಹೆಚ್ಚು ಒಪ್ಪಿಗೆಯಾದೀತು.

ನಮ್ಮ ನಾಡಿನ ಓದುಗರಿಗೆ ಒಂದು ವಿಶೇಷವಾದ ತೊಡಕಿದೆ. ನಮ್ಮಲ್ಲಿ ಊರೂರಿಗೆ ಜಿನಬಿಂಬಗಳು. ಪದ್ಮಾಸನದಲ್ಲಿ ಕುಳಿತ, ಗುಂಗುರು ಕೂದಲಿನ, ಜೋತ ಕಿವಿಗಳ ಮೂರ್ತಿ ಹೊಲದಲ್ಲಿ ಸಿಕ್ಕರೆ ಒಬ್ಬರು ಬುದ್ಧ ಎನ್ನುತ್ತಾರೆ, ಇನ್ನೊಬ್ಬರು ತೀರ್ಥಂಕರ ಎನ್ನುತ್ತಾರೆ. ಮುಖ ನೋಡಿ ತೀರ್ಮಾನಿಸಬೇಡಿ. ಬಟ್ಟೆಯ ಗೆರೆಯನ್ನು ಹುಡುಕಿ. ಎಡಭುಜದಿಂದ ಎದೆಯ ಮೇಲೆ ಓರೆಯಾಗಿ ಹಾಯುವ ಒಂದು ಅಂಚು, ಮುಂಗೈ ಅಥವಾ ಕಾಲಗಂಟಿನ ಬಳಿ ಇನ್ನೊಂದು ಅಂಚು ಇದ್ದರೆ ಬುದ್ಧ. ದಿಗಂಬರ ಜಿನನಿಗೆ ಅದು ಇರುವುದಿಲ್ಲ. ಕೈಗಳನ್ನು ನೋಡಿ. ಕುಳಿತ ಜಿನನ ಕೈಗಳು ಯಾವಾಗಲೂ ಮಡಿಲಲ್ಲಿ ಒಂದರ ಮೇಲೊಂದು, ನಿಂತ ಜಿನನ ಕೈಗಳು ನೇರವಾಗಿ ಕೆಳಕ್ಕೆ. ಅಭಯಕ್ಕೆ ಎತ್ತಿದ ಕೈ, ನೆಲ ಮುಟ್ಟುವ ಬೆರಳು ಇದ್ದರೆ ಜಿನನಲ್ಲ. ತಲೆಯ ಮೇಲೆ ಮೂರು ಅಂತಸ್ತಿನ ಕೊಡೆ ಇದ್ದರೆ ಸಾಮಾನ್ಯವಾಗಿ ಜಿನ. ಎದೆಯ ನಡುವೆ ಶ್ರೀವತ್ಸದ ಗುರುತನ್ನು ಉತ್ತರದವರು ಹುಡುಕುತ್ತಾರೆ, ನಮ್ಮ ಕಡೆಯ ಜಿನಬಿಂಬಗಳಲ್ಲಿ ಅದು ಬಹುಪಾಲು ಇರುವುದಿಲ್ಲವಾದ್ದರಿಂದ ನಂಬಿ ಕೂರುವಂತಿಲ್ಲ. ಐಹೊಳೆಯ ಮೇಗುತಿ ಬೆಟ್ಟಕ್ಕೆ ಹೋದರೆ ಇದನ್ನು ಒಂದೇ ದಿನ ಅಭ್ಯಾಸ ಮಾಡಬಹುದು. ಇಳಿಜಾರಿನಲ್ಲಿ ಎರಡು ಅಂತಸ್ತಿನ ಬೌದ್ಧ ಚೈತ್ಯ, ನೆತ್ತಿಯ ಮೇಲೆ ಜೈನ ದೇವಾಲಯ.

ಬೌದ್ಧಧರ್ಮ ಇಲ್ಲಿಂದ ಬೇಗ ಮರೆಯಾಯಿತೆಂದು ತಿಳಿಯಬೇಡಿ. ಮಂಗಳೂರಿನ ಕದ್ರಿಯಲ್ಲಿ ಕುಂದವರ್ಮನು 968ರಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ, ಅದು ಕಲ್ಲಲ್ಲ, ಲೋಹ. ಗದಗ ಜಿಲ್ಲೆಯ ಡಂಬಳದ 1095ರ ಶಾಸನ ತಾರಾದೇವಿಯನ್ನು ಸ್ತುತಿಸುತ್ತದೆ. ಅದು ಬೇರೆಯೇ ಒಂದು ಅಧ್ಯಾಯ.

ಮತ್ತೆ ಸುಣ್ಣದ ಕಲ್ಲಿಗೆ ಬರಬೇಕು. ಉಳಿಗೆ ಅಷ್ಟು ಚೆನ್ನಾಗಿ ಒಗ್ಗುವ ಆ ಕಲ್ಲಿಗೆ ಅದೇ ಗುಣ ಮೃತ್ಯುವಾಯಿತು. ಸುಣ್ಣದ ಕಲ್ಲನ್ನು ಸುಟ್ಟರೆ ಸುಣ್ಣ. ಮೈಸೂರು ಸೀಮೆಯ ಅಳತೆ ಮಾಡಿದ ಕರ್ನಲ್ ಮೆಕೆಂಜಿ 18ನೆಯ ಶತಮಾನದ ಕೊನೆಯಲ್ಲಿ ಅಮರಾವತಿಯ ದಿಬ್ಬವನ್ನು ಮೊದಲು ಕಂಡಾಗಲೇ ಅಲ್ಲಿಯ ಕಲ್ಲುಗಳು ಹೊಸ ಕಟ್ಟಡಗಳಿಗೆ ಹೋಗುತ್ತಿದ್ದವು. 1816ರಲ್ಲಿ ಮತ್ತೆ ಬರುವ ವೇಳೆಗೆ ದಿಬ್ಬದ ನಡುಭಾಗವನ್ನು ಅಗೆದು ಕೊಳ ಮಾಡಲು ಹೊರಟಿದ್ದರು. ಎಷ್ಟೋ ಚಪ್ಪಡಿಗಳು ಸುಣ್ಣದ ಗೂಡಿಗೆ ಹೋದವು. ಉಳಿದವು ಇಂದು ಮುಖ್ಯವಾಗಿ ಚೆನ್ನೈನ ಎಗ್ಮೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿಯೂ ಹಂಚಿಹೋಗಿವೆ. ಎಗ್ಮೂರಿನಲ್ಲಿ ನಳಗಿರಿ ಆನೆಯ ದುಂಡು ಫಲಕವನ್ನು ನೋಡಿ. ಎಡಗಡೆ ಮದವೇರಿದ ಆನೆ ಜನರನ್ನು ತುಳಿಯುತ್ತಿದೆ, ಅದೇ ಫಲಕದಲ್ಲಿ ಅದೇ ಆನೆ ಬುದ್ಧನ ಮುಂದೆ ಮೊಣಕಾಲೂರಿದೆ. ಅಮರಾವತಿಯಲ್ಲಿಯೇ ಸ್ತೂಪವನ್ನು ನೋಡಲು ಹೋದವರಿಗೆ ಕಾಣುವುದು ಬಹುಮಟ್ಟಿಗೆ ತಳಪಾಯ.

ಕನಗನಹಳ್ಳಿಗೆ ಆ ಗತಿ ಬರಲಿಲ್ಲ. ಬೇರೆ ಗತಿ ಬಂತು. ಉತ್ಖನನದ ನಂತರ ವರ್ಷಗಟ್ಟಲೆ ಚಪ್ಪಡಿಗಳು ಬಿಸಿಲು ಮಳೆಗಳಲ್ಲಿ ಬಿದ್ದಿದ್ದವು. ಭೀಮಾ ತೀರದ ಬಿಸಿಲು ಎಂಥದೆಂದು ಅಲ್ಲಿಯವರನ್ನು ಕೇಳಬೇಕು. ಶತಮಾನಗಳ ಕಾಲ ಮಣ್ಣಿನೊಳಗೆ ತಂಪಾಗಿದ್ದ ಕಲ್ಲು ಹೀಗೆ ತೆರೆದು ಬಿದ್ದರೆ ಪದರುಗಳು ಬಿಚ್ಚಿಕೊಳ್ಳುತ್ತವೆ, ಮೊದಲು ಹೋಗುವುದು ತೆಳುವಾಗಿ ಕೊರೆದ ಅಕ್ಷರಗಳು. ಅಕ್ಷರ ಹೋದರೆ ಏನಾಗುತ್ತದೆಂದು ಆಗಲೇ ನೋಡಿದೆವು, ಅಶೋಕ ಯಾರೋ ಒಬ್ಬ ರಾಜನಾಗುತ್ತಾನೆ. ಸಂರಕ್ಷಣೆಯ ಕೆಲಸವನ್ನು ಇಲಾಖೆ 2022ರಲ್ಲಿ ಕೈಗೆತ್ತಿಕೊಂಡಿತು. ನೀವು ಹೋದಾಗ ಚಪ್ಪಡಿಗಳ ಮೇಲೆ ಕೈಯಾಡಿಸಬೇಡಿ, ಅಕ್ಷರ ಚೆನ್ನಾಗಿ ಕಾಣಲೆಂದು ನೀರು ಸುರಿಯುವವರನ್ನೂ ತಡೆಯಿರಿ. ಬೆಳಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ಹೋದರೆ ಸಣ್ಣ ಗೆರೆಯೂ ತಾನಾಗಿ ಎದ್ದು ಕಾಣುತ್ತದೆ.

ಸನ್ನತಿಗೆ ಹೋದವರು ಅಶೋಕನ ಶಾಸನದ ಆ ಚಪ್ಪಡಿಯನ್ನೂ ನೋಡಿ ಬನ್ನಿ. ವಿಗ್ರಹವನ್ನು ಕೂರಿಸುವುದಕ್ಕಾಗಿ ಯಾರೋ ಅದರಲ್ಲಿ ಒಂದು ಗೂಡು ಕೊರೆದಿದ್ದಾರೆ. ಆ ಭಾಗದ ಅಕ್ಷರಗಳು ಹೋಗಿವೆ. ಸುತ್ತಲಿನ ಸಾಲುಗಳು ಇಂದಿಗೂ ಓದಲು ಬರುವಂತಿವೆ.